ಒಂದೇ ಎಳೆಯ ಟ್ರಾನ್ಸೀವರ್: ನನ್ನದೇ ಲೇಸರ್ ನನ್ನದೇ ರಿಸೀವರ್‌ಗೆ ಅಡ್ಡಬಂದಾಗ

ಎರಡು ಎಳೆಗಳ ಫೈಬರ್ ಲಿಂಕ್‌ಗೆ ಟ್ರಾನ್ಸೀವರ್ (ಬೆಳಕಿನ ಸಂಕೇತ ಕಳಿಸಿ ಸ್ವೀಕರಿಸುವ ಮಾಡ್ಯೂಲ್) ಮಾಡಿ ರೂಢಿಯಿದ್ದ ನನಗೆ, ಒಂದೇ ಎಳೆಯಲ್ಲಿ ಹೋಗುವ ಮತ್ತು ಬರುವ ಸಂಕೇತಗಳೆರಡನ್ನೂ ನಡೆಸುವ ಮಾಡ್ಯೂಲಿನ ಕೆಲಸ ಬಂದಾಗ, ಹೊಸದಾಗಿ ಸೇರುವುದು ಒಂದು ಫಿಲ್ಟರ್ ಮಾತ್ರ ಎಂದುಕೊಂಡಿದ್ದೆ. ಎರಡು ದಿಕ್ಕಿಗೆ ಎರಡು ತರಂಗಾಂತರಗಳನ್ನು ಕೊಟ್ಟರೆ ಫೈಬರಿನೊಳಗೆ ಅವು ತಮ್ಮ ಪಾಡಿಗೆ ತಾವು ಹಾದುಹೋಗುತ್ತವೆ. ಅದು ನಿಜವೇ. ತೊಂದರೆ ಹುಟ್ಟಿದ್ದು ಫೈಬರಿನಲ್ಲಿ ಅಲ್ಲ, ಒಂದೇ ಲೋಹದ ಗೂಡಿನಲ್ಲಿ ಕೆಲವೇ ಮಿಲಿಮೀಟರ್ ಅಂತರದಲ್ಲಿ ಕುಳಿತ ಲೇಸರ್ ಮತ್ತು ಬೆಳಕನ್ನು ಕರೆಂಟಾಗಿಸುವ ಫೋಟೊಡಯೋಡ್‌ಗಳ ನಡುವೆ.

ಗುರಿ ಇಷ್ಟು: ಸೆಕೆಂಡಿಗೆ 1.25 ಗಿಗಾಬಿಟ್ ವೇಗ, 20 ಕಿಲೋಮೀಟರ್ ದೂರ. ಮಾಡ್ಯೂಲ್‌ಗಳು ಜೋಡಿಯಾಗಿಯೇ ಇರಬೇಕು. 'ಎ' ಮಾದರಿ 1310 ನ್ಯಾನೊಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಸ್ವೀಕರಿಸುತ್ತದೆ, 'ಬಿ' ಮಾದರಿ ಅದಕ್ಕೆ ತಿರುವುಮುರುವು. (ಎರಡು 'ಎ'ಗಳನ್ನೇ ಎದುರುಬದುರು ಜೋಡಿಸಿ ಅರ್ಧ ದಿನ ಕಳೆದದ್ದೂ ಉಂಟು.) 2004ರ ಐಇಇಇ 802.3ಎಎಚ್ ಮಾನಕವು 10 ಕಿಲೋಮೀಟರ್ ಲಿಂಕ್‌ಗೆ 1310 ಮತ್ತು 1490ರ ಜೋಡಿಯನ್ನು ಹೇಳುತ್ತದೆ. ಆದರೆ ಎರಡು ತರಂಗಾಂತರಗಳನ್ನು ಬೇರ್ಪಡಿಸಲು 45 ಡಿಗ್ರಿಯಲ್ಲಿ ಓರೆಯಾಗಿ ನಿಲ್ಲಿಸಿದ ಫಿಲ್ಟರ್, ಬೆಳಕಿನ ಎರಡು ಧ್ರುವೀಕರಣಗಳಿಗೆ (ಕಂಪನದ ದಿಕ್ಕುಗಳಿಗೆ) ಎರಡು ಬೇರೆ ಅಂಚುಗಳನ್ನು (ಬಿಡುವುದು ತಡೆಯುವುದಾಗಿ ಬದಲಾಗುವ ತರಂಗಾಂತರಗಳನ್ನು) ತೋರಿಸುವುದರಿಂದ, ತರಂಗಾಂತರಗಳ ನಡುವೆ ಎಷ್ಟು ಜಾಗವಿದ್ದರೆ ಅಷ್ಟು ಒಳ್ಳೆಯದು ಎಂದು ನಾನು 1550ನ್ನು ಆರಿಸಿಕೊಂಡೆ. ಅದಕ್ಕೆ ತೆತ್ತ ಬೆಲೆಯೆಂದರೆ 'ಬಿ' ಮಾದರಿಗೆ ತೀರಾ ಕಿರಿದಾದ ತರಂಗಾಂತರ ಪಟ್ಟಿಯ ಡಿಎಫ್‌ಬಿ ಲೇಸರ್ ಬೇಕಾಯಿತು. 1550ರಲ್ಲಿ ಸಾಮಾನ್ಯ ಫೈಬರಿನ ಪ್ರಸರಣ (ಬೆಳಕಿನ ಮಿಡಿತ ಹರಡಿಕೊಳ್ಳುವ ಪ್ರಮಾಣ) ಕಿಲೋಮೀಟರಿಗೆ, ನ್ಯಾನೊಮೀಟರಿಗೆ ಸುಮಾರು 17 ಪಿಕೋಸೆಕೆಂಡ್. ತರಂಗಾಂತರ 2 ನ್ಯಾನೊಮೀಟರ್ ಅಗಲಕ್ಕೆ ಹರಡಿದ ಫ್ಯಾಬ್ರಿ-ಪೆರೋ ಲೇಸರ್ ಬಳಸಿದರೆ 20 ಕಿಲೋಮೀಟರ್ ದಾಟುವಷ್ಟರಲ್ಲಿ 800 ಪಿಕೋಸೆಕೆಂಡಿನ ಬಿಟ್ 680ರಷ್ಟು ಹರಡಿಹೋಗುತ್ತದೆ. 1310ರಲ್ಲಿ ಈ ಕಾಟವಿಲ್ಲ.

ಶಕ್ತಿಯ ಲೆಕ್ಕ ಕಷ್ಟದ್ದಾಗಿರಲಿಲ್ಲ. ಕನಿಷ್ಠ −6 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಶಕ್ತಿ) ಕಳಿಸಿ −22ರವರೆಗೆ ಕೇಳಿಸಿಕೊಂಡರೆ ಕೈಯಲ್ಲಿ 16 ಡೆಸಿಬೆಲ್ ಇರುತ್ತದೆ. 1310ರಲ್ಲಿ ಕಿಲೋಮೀಟರಿಗೆ 0.35ರಂತೆ ಫೈಬರಿಗೆ 7, ಕನೆಕ್ಟರ್ ಮತ್ತು ಬೆಸುಗೆಗಳಿಗೆ 3, ಹಳತಾಗುವಿಕೆಗೆಂದು 3 ಕಳೆದರೂ ಇನ್ನೂ 3 ಉಳಿಯುತ್ತದೆ.

ಮೊದಲ ಮಾದರಿಗಳನ್ನು ಮೇಜಿನ ಮೇಲೆ ಪರೀಕ್ಷಿಸಿದಾಗ ಫಲಿತಾಂಶ ಚೆನ್ನಾಗಿಯೇ ಬಂತು. ಒಂದು ಲಕ್ಷ ಕೋಟಿ ಬಿಟ್‌ಗಳಿಗೆ ಒಂದು ತಪ್ಪು ಎಂಬ ಮಿತಿಯಲ್ಲಿ ರಿಸೀವರಿನ ಸಂವೇದನೆ, ಅಂದರೆ ಅದು ಓದಬಲ್ಲ ಅತಿ ಕ್ಷೀಣ ಬೆಳಕು, −23 ಡಿಬಿಎಂ, ತನ್ನದೇ ಲೇಸರ್ ಉರಿಯುತ್ತಿದ್ದರೂ ಆರಿದ್ದರೂ ಹೆಚ್ಚು ವ್ಯತ್ಯಾಸವಿಲ್ಲ. ಆಮೇಲೆ ಎರಡು ಮಾಡ್ಯೂಲ್‌ಗಳನ್ನು ಎರಡು ಬೇರೆ ಉಪಕರಣಗಳಿಗೆ ಹಾಕಿ, ನಡುವೆ ಬೆಳಕನ್ನು ತಗ್ಗಿಸುವ ಅಟೆನ್ಯುಯೇಟರ್ ಇಟ್ಟು ನೋಡಿದರೆ 'ಎ' ಮಾದರಿ −18.5ಕ್ಕೇ ಕೈಚೆಲ್ಲಿತು. ತಪ್ಪುಗಳು ಚೆದುರಿ ಬರುತ್ತಿರಲಿಲ್ಲ. ಗುಂಪುಗುಂಪಾಗಿ, ಸುಮಾರು 44 ಮೈಕ್ರೋಸೆಕೆಂಡಿಗೊಮ್ಮೆ ಬರುತ್ತಿದ್ದವು. ಎರಡೂ ಕಡೆಯ ಕ್ಲಾಕ್‌ಗಳನ್ನು ಅಳೆದಾಗ ವ್ಯತ್ಯಾಸ 18 ಪಿಪಿಎಂ (ಹತ್ತು ಲಕ್ಷಕ್ಕೆ 18) ಇತ್ತು. 1.25 ಗಿಗಾಹರ್ಟ್ಸ್‌ಗೆ ಅದು 22.5 ಕಿಲೋಹರ್ಟ್ಸ್, ಅಂದರೆ ಸರಿಯಾಗಿ ಆ 44 ಮೈಕ್ರೋಸೆಕೆಂಡ್. ಆಗ ನನ್ನ ಮೊದಲ ಪರೀಕ್ಷೆಯ ದೋಷ ಹೊಳೆಯಿತು. ಕಳಿಸುವ ಮತ್ತು ಸ್ವೀಕರಿಸುವ ಸಂಕೇತಗಳೆರಡಕ್ಕೂ ನಾನು ಒಂದೇ ಕ್ಲಾಕ್ ಕೊಟ್ಟಿದ್ದೆ. ಹಾಗಾಗಿ ಲೇಸರ್ ಎಬ್ಬಿಸುವ ಗದ್ದಲ ಪ್ರತಿ ಬಿಟ್‌ನ ಅಂಚಿನಲ್ಲೇ ಬಿದ್ದು, ಮಧ್ಯದಲ್ಲಿ ತೀರ್ಮಾನ ತೆಗೆದುಕೊಳ್ಳುವ ರಿಸೀವರಿಗೆ ಕಾಣಿಸುತ್ತಲೇ ಇರಲಿಲ್ಲ; ಕ್ಲಾಕ್‌ಗಳು ಬೇರೆಯಾದ ಕೂಡಲೇ ಆ ಗದ್ದಲ ಬಿಟ್‌ನ ಉದ್ದಕ್ಕೂ ಜಾರುತ್ತಾ ಬಂದು ಪ್ರತಿ ಸುತ್ತಿನಲ್ಲಿ ಒಮ್ಮೆ ನಟ್ಟನಡುವೆ ಹೊಡೆಯತೊಡಗಿತು.

ನಾನು ಬೈದದ್ದು ಫಿಲ್ಟರನ್ನು. ಅದು ಆತುರದ ತೀರ್ಪಾಗಿತ್ತು. ಲೇಸರನ್ನು ಬಿಡಿಸಿ, ಅದರ ಜಾಗದಲ್ಲಿ ಅಷ್ಟೇ ಕರೆಂಟ್ ಎಳೆಯುವಂತೆ ಒಂದು ಸಣ್ಣ ರೆಸಿಸ್ಟರ್ ಬೆಸೆದು ನೋಡಿದೆ. ಈಗ ಮಾಡ್ಯೂಲಿನಿಂದ ಒಂದು ಕಣ ಬೆಳಕೂ ಹೊರಡುತ್ತಿರಲಿಲ್ಲ, ಆದರೂ ಸಂವೇದನೆ −20ಕ್ಕಿಂತ ಉತ್ತಮವಾಗಲಿಲ್ಲ. ಲೆಕ್ಕ ಹಾಕಿದ್ದರೆ ಮೊದಲೇ ತಿಳಿಯಬಹುದಿತ್ತು: ಲೇಸರಿಗೆ ಹೋಗುವ ಮಾಡ್ಯುಲೇಶನ್ ಕರೆಂಟ್ 30 ಮಿಲಿಆಂಪಿಯರ್, −22 ಡಿಬಿಎಂ ಬೆಳಕಿಗೆ ಫೋಟೊಡಯೋಡ್ ಕೊಡುವುದು 6 ಮೈಕ್ರೋಆಂಪಿಯರಿಗೂ ತುಸು ಕಡಿಮೆ. ಐದು ಸಾವಿರ ಪಟ್ಟು ವ್ಯತ್ಯಾಸವಿರುವ ಎರಡು ಕರೆಂಟ್‌ಗಳನ್ನು ಒಂದೇ ಗ್ರೌಂಡಿನ (ಕರೆಂಟ್ ಹಿಂದಿರುಗುವ ಸಮಾನ ದಾರಿಯ) ಮೇಲೆ ಓಡಿಸಿದ್ದೆ. ಬೋರ್ಡನ್ನು ದೀಪಕ್ಕೆ ಹಿಡಿದು ನೋಡಿದರೆ, ಲೇಸರ್ ಡ್ರೈವರಿನ ಕರೆಂಟ್ ಹಿಂದಿರುಗುವ ದಾರಿ ರಿಸೀವರಿನ ಪ್ರೀಆಂಪ್ಲಿಫೈಯರ್ ಗ್ರೌಂಡ್ ಕಾಲಿನ ಕೆಳಗೇ ಹಾದುಹೋಗಿತ್ತು.

ಎರಡನೆಯ ಬೋರ್ಡಿನಲ್ಲಿ ಡ್ರೈವರಿನ ಎರಡು ತುದಿಗಳನ್ನೂ ಲೇಸರಿಗೆ ಡಿಫರೆನ್ಷಿಯಲ್ ಆಗಿ (ಪರಸ್ಪರ ವಿರುದ್ಧ ಸಂಕೇತಗಳ ಜೋಡಿಯಾಗಿ) ಒಯ್ದೆ, ಹಿಂದಿರುಗುವ ದಾರಿಯನ್ನು ರಿಸೀವರಿನಿಂದ ದೂರ ಸರಿಸಿದೆ, 3.3 ವೋಲ್ಟ್ ಪೂರೈಕೆಯನ್ನು ಎರಡು ಕವಲಾಗಿಸಿ ಒಂದೊಂದಕ್ಕೂ ಗದ್ದಲ ಸೋಸುವ ಫೆರೈಟ್ ಬೀಡ್ ಮತ್ತು ಕೆಪಾಸಿಟರ್‌ಗಳನ್ನು ಇಟ್ಟೆ, ಲೇಸರ್ ಚಿಪ್‌ಗೂ ಅದರ ಹೊರಗವಚಕ್ಕೂ ವಿದ್ಯುತ್ ಸಂಪರ್ಕವಿಲ್ಲದ ಪಿನ್ ಜೋಡಣೆಯ ಲೇಸರನ್ನು ತರಿಸಿದೆ. ಫೋಟೊಡಯೋಡಿನ ಕಾಲುಗಳನ್ನು ಬೋರ್ಡಿಗೆ ತಾಗುವಷ್ಟು ಮೋಟು ಮಾಡಿದ್ದು ಇವೆಲ್ಲಕ್ಕಿಂತ ಅಗ್ಗದ, ಬಹುಶಃ ಎಲ್ಲಕ್ಕಿಂತ ಫಲಕಾರಿಯಾದ ಬದಲಾವಣೆ. 'ಬಿ' ಮಾದರಿ −22.7ಕ್ಕೆ ಬಂತು. 'ಎ' ಮಾತ್ರ −22.1ರಲ್ಲಿ ನಿಂತಿತು.

ಈ ಸಲ ರೆಸಿಸ್ಟರ್ ಹಾಕಿದರೆ ನಷ್ಟ ಕಾಣಲಿಲ್ಲ, ಲೇಸರ್ ಹಾಕಿದರೆ ಕಂಡಿತು. ಅಂದರೆ ಇದು ಬೆಳಕಿನದೇ ಕೆಲಸ. ಹೊರಗಿನಿಂದ ಏನೂ ಬರದಂತೆ ಮಾಡಿ, ಲೇಸರ್ ಉರಿಸಿ ಫೋಟೊಡಯೋಡಿನ ಕರೆಂಟ್ ಅಳೆದಾಗ 0.9 ಮೈಕ್ರೋಆಂಪಿಯರ್ ಸಿಕ್ಕಿತು. ತೆರೆದ ಕನೆಕ್ಟರ್ ಮುಖ ಸುಮಾರು 4 ಶೇಕಡ ಬೆಳಕನ್ನು ಹಿಂದಕ್ಕೆ ಕಳಿಸುತ್ತದಾದ್ದರಿಂದ ಅದರ ಮೇಲೆ ಸಂಶಯಪಟ್ಟು ಆ ಪ್ರತಿಫಲನವನ್ನು ಅಡಗಿಸುವ ಇಂಡೆಕ್ಸ್ ಜೆಲ್ ಹಚ್ಚಿದೆ. ಅಂಕಿ ಕದಲಲಿಲ್ಲ. ಸೋರಿಕೆ ಗೂಡಿನೊಳಗಿನದೇ ಆಗಿತ್ತು. ಲೇಸರಿನ ಬೆಳಕಿನ ಹೊರ ಅಂಚು ಗೋಡೆಗೆ ಬಡಿದು, ಫೋಟೊಡಯೋಡಿನ ಮುಂದಿದ್ದ ಎರಡನೆಯ ಫಿಲ್ಟರಿಗೆ ತೀರಾ ಓರೆಯಾಗಿ ಬೀಳುತ್ತಿತ್ತು. ಓರೆ ಹೆಚ್ಚಿದಂತೆ ತೆಳುಪದರ ಫಿಲ್ಟರಿನ ಅಂಚು ಕಿರಿಯ ತರಂಗಾಂತರದ ಕಡೆಗೆ ಸರಿಯುತ್ತದೆ. 1550ನ್ನು ಬಿಟ್ಟು 1310ನ್ನು ತಡೆಯಬೇಕಾದ 'ಎ' ಮಾದರಿಯ ಫಿಲ್ಟರ್ ಹಾಗೆ ಸರಿದು 1310ಕ್ಕೂ ಬಾಗಿಲು ತೆರೆಯಿತು. 1550ನ್ನು ತಡೆಯುವ 'ಬಿ'ಯಲ್ಲಿ ಅದೇ ಸರಿಯುವಿಕೆ ಹಾನಿ ಮಾಡಲಿಲ್ಲ.

ಫೋಟೊಡಯೋಡಿನ ಮುಂದೆ ಕಿರಿದಾದ ರಂಧ್ರದ ಒಂದು ಬಿಲ್ಲೆ, ಎದುರಿನ ಗೋಡೆಗೆ ಬೆಳಕು ಹೀರುವ ಕಪ್ಪು ಲೇಪ, ಇವೆರಡರಿಂದ ಸೋರಿಕೆ 0.1 ಮೈಕ್ರೋಆಂಪಿಯರಿನ ಕೆಳಗಿಳಿದು 'ಎ' ಕೂಡ −22.6 ತಲುಪಿತು. ಬಿಲ್ಲೆ ಬಂದದ್ದರಿಂದ ಫೋಟೊಡಯೋಡನ್ನು ಸಾಲಿಗೆ ಹೊಂದಿಸುವ ಕೆಲಸ ನಿಧಾನವಾಯಿತು. ಪ್ರತಿ ಮಾಡ್ಯೂಲಿನ ಕೊನೆಯ ಪರೀಕ್ಷೆಯನ್ನು ಈಗ ಎರಡು ಬೇರೆ ಕ್ಲಾಕ್‌ಗಳ ಮೇಲೆ, ಲೇಸರ್ ಉರಿಸಿಟ್ಟುಕೊಂಡು, 40 ನಿಮಿಷ ನಡೆಸುತ್ತೇನೆ. ಮೂರು ಲಕ್ಷ ಕೋಟಿ ಬಿಟ್‌ಗಳು ಒಂದೂ ತಪ್ಪಿಲ್ಲದೆ ದಾಟುವುದಕ್ಕೆ ಅಷ್ಟು ಹೊತ್ತು ಬೇಕು.