ಕ್ಯಾಮೆರಾದ ಚಿತ್ರ ಮೀಟಿಂಗ್‌ಗೆ ಬರಬೇಕೇ? ಕ್ಯಾಪ್ಚರ್ ಕಾರ್ಡ್ ಜೋಡಿಸುವುದು ಹೀಗೆ

ಸರಸ್ವತಿಪುರಂನಲ್ಲಿರುವ ನಮ್ಮ ಅತ್ತಿಗೆ ಮೈಸೂರು ಶೈಲಿಯ ಚಿತ್ರಕಲೆ ಕಲಿಸುತ್ತಾರೆ. ಕಲಿಯುವವರಲ್ಲಿ ಅರ್ಧ ಜನ ಬೇರೆ ಊರಿನವರು, ಅವರಿಗೆಲ್ಲ ಪಾಠ ಆನ್‌ಲೈನ್‌ನಲ್ಲೇ. ಈ ಶೈಲಿಯ ಗೆಸ್ಸೊ (ಉಬ್ಬುಗೆರೆ ಎಬ್ಬಿಸುವ ಲೇಪ) ಕೆಲಸ ತುಂಬ ತೆಳು, ತಂಜಾವೂರಿನ ಚಿತ್ರಗಳಷ್ಟು ಉಬ್ಬಿರುವುದಿಲ್ಲ. ಕೂದಲೆಳೆಯಂಥ ಗೆರೆಯಲ್ಲಿ ಒಡವೆಗಳನ್ನು ಎಬ್ಬಿಸಿ, ಆಮೇಲೆ ಚಿನ್ನದ ಹಾಳೆ ಅಂಟಿಸಬೇಕು. ಲ್ಯಾಪ್‌ಟಾಪ್‌ನ ಪುಟ್ಟ ಕ್ಯಾಮೆರಾಗೆ ಅದು ಎಲ್ಲಿ ಕಾಣಬೇಕು? ಮನೆಯಲ್ಲಿ ಒಳ್ಳೆಯ ಕ್ಯಾಮೆರಾ ಇತ್ತು. ಅದರ ಎಚ್‌ಡಿಎಂಐ ಕೇಬಲ್ಲನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಚುಚ್ಚಿ ಕಾದರು. ಅರ್ಧ ಗಂಟೆಯ ಮೇಲೆ ಫೋನ್ ಬಂತು: "ಎಲ್ಲ ಸರಿಯಾಗೇ ಚುಚ್ಚಿದ್ದೀನಿ ಕಣಪ್ಪ, ಏನೂ ಬರ್ತಿಲ್ಲ."

ಇದೇ ತಪ್ಪನ್ನು ಕುವೆಂಪುನಗರದ ವೀಣೆ ಮೇಷ್ಟ್ರ ಮನೆಯಲ್ಲೂ ನೋಡಿದ್ದೇನೆ, ಮಂಡ್ಯದ ಒಂದು ಟ್ಯೂಷನ್ ಕೇಂದ್ರದಲ್ಲೂ ನೋಡಿದ್ದೇನೆ. ಸಾಮಾನ್ಯ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಪೋರ್ಟ್ ಚಿತ್ರವನ್ನು ಹೊರಗೆ ಕಳಿಸುತ್ತದೆ, ಅಷ್ಟೆ. ಒಳಗೆ ತೆಗೆದುಕೊಳ್ಳುವುದಿಲ್ಲ. ಕ್ಯಾಮೆರಾದ್ದೂ ಹಾಗೇ. ಎರಡು ನಲ್ಲಿಗಳ ಬಾಯನ್ನು ಒಂದಕ್ಕೊಂದು ಒತ್ತಿ ಹಿಡಿದರೆ ನೀರು ಎಲ್ಲಿಗೆ ಹೋಗಬೇಕು? ನಡುವೆ ಚಿತ್ರವನ್ನು ಹಿಡಿದುಕೊಂಡು ಯುಎಸ್‌ಬಿ ಮೂಲಕ ಒಳಗೆ ಕೊಡುವ ಒಂದು ಸಾಧನ ಬೇಕು. ಅದೇ ಕ್ಯಾಪ್ಚರ್ ಕಾರ್ಡ್. ಕಂಪ್ಯೂಟರ್‌ಗೆ ಅದು ಇನ್ನೊಂದು ವೆಬ್‌ಕ್ಯಾಮ್ ಥರ ಕಾಣುತ್ತದೆ. ಹೆಚ್ಚಿನವಕ್ಕೆ ಬೇರೆ ಡ್ರೈವರ್ ತಂತ್ರಾಂಶ ಹಾಕುವ ಅಗತ್ಯವಿಲ್ಲ.

ಕೊಳ್ಳುವಾಗ

ಪೆನ್ ಡ್ರೈವ್ ಗಾತ್ರದ, ಸಾವಿರ ರೂಪಾಯಿಯೊಳಗಿನ ಕಾರ್ಡ್‌ಗಳ ಡಬ್ಬಿಯ ಮೇಲೆ '4ಕೆ' ಎಂದು ದೊಡ್ಡದಾಗಿ ಬರೆದಿರುತ್ತಾರೆ. ಆ 4ಕೆ ಬರೀ ಒಳಬರುವ ಚಿತ್ರದ ಲೆಕ್ಕ. ಕಂಪ್ಯೂಟರ್‌ಗೆ ಸಿಗುವುದು ಹೆಚ್ಚೆಂದರೆ 1080ಪಿ (ಫುಲ್ ಎಚ್‌ಡಿ), ಅದೂ ಒತ್ತಿ ಕುಗ್ಗಿಸಿದ್ದು. ಕಾರಣ ಸರಳ. ಸೆಕೆಂಡಿಗೆ 30 ಫ್ರೇಮ್‌ನ 1080ಪಿ ಚಿತ್ರವನ್ನು ಕುಗ್ಗಿಸದೆ ಕಳಿಸಲು ಸೆಕೆಂಡಿಗೆ ಸುಮಾರು 1,000 ಮೆಗಾಬಿಟ್ ಬೇಕು. ಈ ಅಗ್ಗದ ಕಾರ್ಡ್‌ಗಳಲ್ಲಿರುವ ಯುಎಸ್‌ಬಿ 2.0 ಕೊಡುವುದು ಹೆಚ್ಚೆಂದರೆ 480. ಯುಎಸ್‌ಬಿ 3.0 ಆದರೆ 5,000, ಆರಾಮಾಗಿ ಸಾಗುತ್ತದೆ. ಪವರ್‌ಪಾಯಿಂಟ್ ತೋರಿಸಲು, ಗಣಿತದ ಪಾಠಕ್ಕೆ ಅಗ್ಗದ್ದೇ ಸಾಕು. ಚಿತ್ರಕಲೆ, ಕಸೂತಿ, ಹಳೆಯ ಕಾಗದಪತ್ರದ ಓದು ಇಂಥದ್ದಕ್ಕೆ ಯುಎಸ್‌ಬಿ 3.0 ಕಾರ್ಡನ್ನೇ ಕೊಳ್ಳಿ. ಪ್ಲಗ್ಗಿನ ಒಳಗೆ 3.0ರ ಗುರುತಾದ ನೀಲಿ ಬಣ್ಣ ಇದೆ ಎಂಬುದಷ್ಟನ್ನೇ ನಂಬಬೇಡಿ. ಒಳಗೆ 2.0 ಇಟ್ಟು ಹೊರಗೆ ನೀಲಿ ಪ್ಲಾಸ್ಟಿಕ್ ಹಾಕಿದ ಕಾರ್ಡ್‌ಗಳು ನನ್ನ ಕೈಗೇ ಬಂದಿವೆ. ವಾಪಸ್ ತಗೋತೀರಾ ಎಂದು ಕೇಳಿಯೇ ದುಡ್ಡು ಕೊಡಿ.

ಜೋಡಿಸುವುದು

ಕ್ಯಾಮೆರಾದಿಂದ ಕಾರ್ಡ್‌ಗೆ ಎಚ್‌ಡಿಎಂಐ, ಕಾರ್ಡ್‌ನಿಂದ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ. ಮುಗಿಯಿತು. ಕ್ಯಾಮೆರಾದಲ್ಲಿರುವ ಎಚ್‌ಡಿಎಂಐ ಪೋರ್ಟ್ ಮಿನಿಯೋ ಮೈಕ್ರೋನೋ ನೋಡಿಕೊಂಡು ಕೇಬಲ್ ತನ್ನಿ. ಎರಡು ಮೀಟರ್ ಸಾಕು. ಮೈಕ್ರೋ ಪೋರ್ಟ್ ಬಹಳ ನಾಜೂಕು, ಕೇಬಲ್‌ನ ಭಾರ ಅದರ ಮೇಲೆ ಬೀಳದ ಹಾಗೆ ಸ್ಟ್ಯಾಂಡಿಗೆ ಟೇಪ್ ಸುತ್ತಿ.

ಕ್ಯಾಮೆರಾದೊಳಗೆ

ಬ್ಯಾಟರಿ ಗುರುತು, ಫೋಕಸ್ ಚೌಕ ಎಲ್ಲವೂ ಚಿತ್ರದ ಜೊತೆಗೇ ಹೋಗುತ್ತವೆ. ಮೆನುವಿನಲ್ಲಿ ಎಚ್‌ಡಿಎಂಐ ಮಾಹಿತಿ ತೋರಿಸುವುದನ್ನು ಆಫ್ ಮಾಡಿ. ತಾನಾಗಿ ಆರಿಹೋಗುವ ಸಮಯವನ್ನೂ ತೆಗೆಯಿರಿ. ನಮ್ಮಲ್ಲಿ ಕರೆಂಟ್ 50 ಹರ್ಟ್ಜ್‌ನದು, ಹಾಗಾಗಿ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇರಲಿ. ಇಲ್ಲದಿದ್ದರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಓಡಾಡುತ್ತವೆ. ಫೋಕಸ್ಸನ್ನೂ ಬೆಳಕನ್ನೂ ಕೈಯಿಂದಲೇ ಹೊಂದಿಸಿ ಬಿಡಿ. ಅತ್ತಿಗೆ ಚಿನ್ನದ ಹಾಳೆ ಎತ್ತಿದ ಕೂಡಲೇ ಅದು ಫಳಕ್ಕೆಂದು ಹೊಳೆಯುತ್ತಿತ್ತು, ಆಟೋದಲ್ಲಿದ್ದ ಕ್ಯಾಮೆರಾ ಇಡೀ ಚಿತ್ರವನ್ನೇ ಕಪ್ಪಾಗಿಸುತ್ತಿತ್ತು.

ಎಲ್ಲರೂ ಎಡವುವ ಜಾಗ

ಇಲ್ಲಿಯವರೆಗೆ ಸರಿಯಾಗಿ ಬಂದವರು ಮೀಟಿಂಗ್ ತೆರೆದು, ಕ್ಯಾಮೆರಾ ಪಟ್ಟಿಯಲ್ಲಿ ಕ್ಯಾಪ್ಚರ್ ಕಾರ್ಡನ್ನು ಆರಿಸಿ, ಆಯ್ತು ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾಮೆರಾ ಎಂದು ಕೊಟ್ಟದ್ದನ್ನೆಲ್ಲ ಮೀಟಿಂಗ್ ಆ್ಯಪ್ ನಿಮ್ಮ ಮುಖ ಎಂದೇ ತಿಳಿಯುತ್ತದೆ. ಇತರರ ಮುಖಗಳ ಸಾಲಿನಲ್ಲಿ ಚಿಕ್ಕ ಚೌಕವಾಗಿ ಕೂರಿಸುತ್ತದೆ. ಹಿನ್ನೆಲೆ ಮಸುಕು ಮಾಡುವ ಸೌಲಭ್ಯ ಆನ್ ಇದ್ದರಂತೂ ಅದು ಮನುಷ್ಯನ ಆಕಾರ ಹುಡುಕುತ್ತದೆ, ಸಿಗುವುದಿಲ್ಲ, ನಿಮ್ಮ ಚಿತ್ರವನ್ನೇ ಹಿನ್ನೆಲೆ ಎಂದು ಮಸುಕಾಗಿಸಿಬಿಡುತ್ತದೆ.

ಕನ್ನಡಿ ಬಿಂಬದ ತೊಂದರೆ ಇನ್ನೊಂದು. ನಿಮ್ಮ ಕ್ಯಾಮೆರಾ ನಿಮಗೆ ಎಡಬಲ ಅದಲುಬದಲಾಗಿ ಕಾಣುತ್ತದೆ, ಬೇರೆಯವರಿಗೆ ಸರಿಯಾಗೇ ಕಾಣುತ್ತಿರುತ್ತದೆ. ಇದು ಗೊತ್ತಿಲ್ಲದೆ ಅತ್ತಿಗೆ ಗಾಬರಿಯಾಗಿ ಕ್ಯಾಮೆರಾದ ಚಿತ್ರವನ್ನೇ ತಿರುಗಿಸಿದರು. ಅವರಿಗೆ ಸರಿಹೋಯಿತು. ಆದರೆ ಕಲಿಯುವವರೆಲ್ಲ ಸರಸ್ವತಿಯ ವೀಣೆಯನ್ನು ಉಲ್ಟಾ ದಿಕ್ಕಿಗೆ ಬರೆದರು. ಒಂದು ವಾರದ ಕೆಲಸ ಹೋಯಿತು.

ಸರಿಯಾದ ದಾರಿ ಎಂದರೆ ಮುಖಕ್ಕೆ ಲ್ಯಾಪ್‌ಟಾಪ್ ಕ್ಯಾಮೆರಾ ಇರಲಿ, ಕಾರ್ಡ್‌ನ ಚಿತ್ರ ಸ್ಕ್ರೀನ್ ಶೇರ್ ಆಗಿ ಹೋಗಲಿ. ಆಗ ಅದು ಎಲ್ಲರಿಗೂ ದೊಡ್ಡದಾಗಿ ಕಾಣುತ್ತದೆ, ಪಕ್ಕದಲ್ಲಿ ನೀವೂ ಕಾಣುತ್ತೀರಿ.

ಜೂಮ್‌ನಲ್ಲಿ ಇದಕ್ಕೆ ಒಂದು ದಾರಿ ಮೊದಲೇ ಇದೆ. 'ಶೇರ್' ಒತ್ತಿ, 'ಅಡ್ವಾನ್ಸ್ಡ್' ಭಾಗಕ್ಕೆ ಹೋಗಿ, 'ಕಂಟೆಂಟ್ ಫ್ರಮ್ ಸೆಕೆಂಡ್ ಕ್ಯಾಮೆರಾ' ಆರಿಸಿ. ಬೇರೆ ಯಾವುದೋ ಕ್ಯಾಮೆರಾ ಬಂದರೆ ಅಲ್ಲೇ ಕಾಣುವ 'ಸ್ವಿಚ್ ಕ್ಯಾಮೆರಾ' ಒತ್ತುತ್ತಾ ಹೋಗಿ. ಬಹಳ ಜನ ಈ ಆಯ್ಕೆಯನ್ನು ಕಣ್ಣೆತ್ತಿಯೂ ನೋಡಿರುವುದಿಲ್ಲ.

ಗೂಗಲ್ ಮೀಟ್ ಆದರೆ ಓಬಿಎಸ್ ಸ್ಟುಡಿಯೋ ಎಂಬ ಪ್ರೋಗ್ರಾಂ ಹಾಕಿಕೊಳ್ಳಿ. ಪುಕ್ಕಟೆ ಸಿಗುತ್ತದೆ. 'ಸೋರ್ಸಸ್' ಕೆಳಗೆ ಪ್ಲಸ್ ಗುರುತು ಒತ್ತಿ, 'ವಿಡಿಯೊ ಕ್ಯಾಪ್ಚರ್ ಡಿವೈಸ್' ಸೇರಿಸಿ, ನಿಮ್ಮ ಕಾರ್ಡ್ ಆರಿಸಿ. ಚಿತ್ರ ಬಂದ ಮೇಲೆ ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಚಿತ್ರವನ್ನಷ್ಟೇ ತೋರಿಸುವ 'ಪ್ರೊಜೆಕ್ಟರ್' ಅನ್ನು ಬೇರೆ ವಿಂಡೋದಲ್ಲಿ ತೆರೆಯಿರಿ. ಈಗ ಮೀಟ್‌ನಲ್ಲಿ ಆ ವಿಂಡೋ ಒಂದನ್ನೇ ಶೇರ್ ಮಾಡಿ. ಇಡೀ ಸ್ಕ್ರೀನ್ ಬೇಡ, ನಡುವೆ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಎಲ್ಲರಿಗೂ ಕಾಣುತ್ತದೆ, ಅಲ್ವಾ? ಶೇರ್ ಮಾಡಿದ ವಿಂಡೋವನ್ನು ಕೆಳಗಿಳಿಸಲೂ ಬೇಡಿ. ಮಿನಿಮೈಸ್ ಮಾಡಿದರೆ ಅತ್ತ ಕಡೆ ಚಿತ್ರ ನಿಂತುಹೋಗುತ್ತದೆ, ಇತ್ತ ನೀವು ಹೇಳುತ್ತಲೇ ಇರುತ್ತೀರಿ.

ಕಾರ್ಡ್ ಆರಿಸಿದರೂ ಪರದೆ ಕಪ್ಪಾಗಿದ್ದರೆ ಮೊದಲ ಅನುಮಾನ ಇರಲಿ ಇನ್ನೊಂದು ಪ್ರೋಗ್ರಾಂ ಮೇಲೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದು ಕಾರ್ಡನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳಬಹುದು. ಓಬಿಎಸ್ ಹಿಡಿದಿದ್ದರೆ ಜೂಮ್‌ಗೆ ಸಿಗುವುದಿಲ್ಲ. ಒಂದನ್ನು ಮುಚ್ಚಿ. ಆಮೇಲೆ ವಿಂಡೋಸ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾಗೆ ಅನುಮತಿ ಇದೆಯಾ ನೋಡಿ. ಸೆಟ್ ಟಾಪ್ ಬಾಕ್ಸ್‌ನಂಥವು ಕಪ್ಪಾಗಿ ಕಂಡರೆ ಅದು ಎಚ್‌ಡಿಸಿಪಿ ಎಂಬ ಬೀಗ. ಹಕ್ಕಿರುವ ಸಿನಿಮಾ, ಕ್ರಿಕೆಟ್ ನಕಲು ಆಗಬಾರದು ಎಂದೇ ಇಟ್ಟದ್ದು. ಅದರ ಜೊತೆ ಗುದ್ದಾಡುತ್ತಾ ಸುಮ್ನೆ ಸಮಯ ಕಳೆಯಬೇಡಿ.

ಫೋನ್ ಪರದೆ ತೋರಿಸಬೇಕು ಎನ್ನುವವರಿಗೆ ಒಂದು ಮಾತು. ಟೈಪ್-ಸಿ ಪೋರ್ಟ್ ಇದ್ದ ಮಾತ್ರಕ್ಕೆ ಚಿತ್ರ ಹೊರಗೆ ಬರುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಆ ಸೌಲಭ್ಯವೇ ಇಲ್ಲ. ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್‌ಗೆ ದುಡ್ಡು ಹಾಕುವ ಮೊದಲು ಫೋನ್‌ನ ವಿವರದಲ್ಲಿ 'ಡಿಸ್‌ಪ್ಲೇಪೋರ್ಟ್' ಅಂತ ಇದೆಯಾ ನೋಡಿ.

ಧ್ವನಿ

ಕಾರ್ಡ್ ಒಂದು ಮೈಕ್ ಆಗಿಯೂ ಪಟ್ಟಿಯಲ್ಲಿ ಕಾಣುತ್ತದೆ. ಅದನ್ನು ಆರಿಸಬೇಡಿ. ಕಾಲರ್ ಮೈಕ್ ಹಾಕಿಕೊಳ್ಳಿ. ವೀಣೆಯವರಿಗೆ ಮಾತ್ರ ಒಂದು ಕೆಲಸ ಜಾಸ್ತಿ. ಕಾರ್ಡ್‌ನಿಂದ ಬರುವ ಚಿತ್ರ ಒಂದು ಚೂರು ತಡ, ತಂತಿ ಮೀಟಿದ ಸದ್ದು ಮೊದಲು ಕೇಳಿ ಬೆರಳು ಆಮೇಲೆ ಆಡುತ್ತದೆ. ಆ ತಡ ಇದರಿಂದ ಹೋಗುವುದಿಲ್ಲ, ಆದರೂ ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿ, ಇಲ್ಲದಿದ್ದರೆ ತಂತಿಯ ನಾದವನ್ನೇ ಅದು ಗದ್ದಲ ಎಂದು ಕತ್ತರಿಸುತ್ತದೆ.

ಶುರು ಮಾಡುವ ಮುನ್ನ

ಫೋನ್‌ನಿಂದ ಅದೇ ಮೀಟಿಂಗ್‌ಗೆ ಸೇರಿ. ವೈಫೈ ಬೇಡ, ಮೊಬೈಲ್ ಡೇಟಾದಲ್ಲಿ. ಅದರ ಮೈಕ್, ಸ್ಪೀಕರ್ ಎರಡೂ ಆಫ್ ಇರಲಿ. ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣಗೆ ಒಂದು ಸಾಲು ಕನ್ನಡ ಬರೆದು ಕ್ಯಾಮೆರಾ ಕೆಳಗಿಡಿ. ಫೋನ್‌ನಲ್ಲಿ ಅಕ್ಷರ ನೆಟ್ಟಗಿದ್ದು, ಒತ್ತು ದೀರ್ಘಗಳು ಬಿಡಿಬಿಡಿಯಾಗಿ ಕಂಡರೆ ಪಾಠ ಶುರು ಮಾಡಬಹುದು.