ರೂಫ್‌ಟಾಪ್ ಊಟ: ಹೊತ್ತು, ದಿಕ್ಕು, ಕುರ್ಚಿ ನೋಡಿ ಟೇಬಲ್ ಹಿಡಿಯುವ ಬಗೆ

ರೂಫ್‌ಟಾಪ್‌ನಲ್ಲಿ ಒಂದು ಪ್ಲೇಟ್ ಪನೀರ್ ಟಿಕ್ಕಾಗೆ ಕೆಳಗಿನ ಬೀದಿಯ ಹೋಟೆಲಿಗಿಂತ ಜಾಸ್ತಿ ಕೊಡುತ್ತೇವೆ. ಆ ಜಾಸ್ತಿ ದುಡ್ಡು ಆಕಾಶಕ್ಕೆ, ಗಾಳಿಗೆ, ಕಾಲ ಕೆಳಗೆ ಒಂದೊಂದೇ ದೀಪ ಹೊತ್ತಿಸಿಕೊಳ್ಳುವ ಊರಿಗೆ ಕೊಟ್ಟದ್ದು. ಅಷ್ಟು ಕೊಟ್ಟೂ ಕತ್ತಲಾದ ಮೇಲೆ ಹೋಗಿ, ಕಂಬದ ಹಿಂದೆ ಕೂತು, ಆರಿದ ನಾನ್ ತಿಂದು ಬರುವವರು ಬೇಕಾದಷ್ಟು ಮಂದಿ. ಮೆನು ನೋಡುವ ಮೊದಲು ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ, ಯಾವ ಕುರ್ಚಿಯಲ್ಲಿ ಕೂರುವುದು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಇಲ್ಲಿರುವುದು ಬೆಂಗಳೂರಿನ ಲೆಕ್ಕ.

ಮೊದಲು ಹೊತ್ತು

ಬೆಂಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್ ಮೂರನೇ ವಾರದಲ್ಲಿ, ಸಂಜೆ 5:50ರ ಆಸುಪಾಸು. ಡಿಸೆಂಬರ್ ಕೊನೆಗೆ ಅದು 6 ಗಂಟೆ ಮುಟ್ಟುತ್ತದೆ, ಮಾರ್ಚ್ ಕೊನೆಗೆ 6:30, ಜುಲೈ ಮೊದಲ ವಾರಗಳಲ್ಲಿ 6:50. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷವೇ ಅಸಲಿ ನೋಟ. ಆಕಾಶ ಇನ್ನೂ ನೀಲಿ, ರಸ್ತೆ ದೀಪಗಳು ಆಗಲೇ ಹೊತ್ತಿರುತ್ತವೆ, ಕಟ್ಟಡಗಳ ಅಂಚು ಕಣ್ಣಿಗೆ ಬೀಳುತ್ತದೆ. ನಮ್ಮೂರು ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಮುಸ್ಸಂಜೆ ಬೇಗ ಮುಗಿಯುತ್ತದೆ. ಎಂಟು ಗಂಟೆಗೆ ಟೇಬಲ್ ಹಿಡಿದರೆ ಕಾಣುವುದು ಕಪ್ಪು ಹಿನ್ನೆಲೆಯ ಮೇಲಿನ ದೀಪದ ಚುಕ್ಕಿಗಳು ಮಾತ್ರ.

ಆದ್ದರಿಂದ ಆ ದಿನದ ಸೂರ್ಯಾಸ್ತದ ಹೊತ್ತನ್ನು ಫೋನಿನ ಹವಾಮಾನ ಆ್ಯಪ್‌ನಲ್ಲಿ ನೋಡಿ, ಅದಕ್ಕಿಂತ 45 ನಿಮಿಷ ಮೊದಲಿಗೆ ಬುಕ್ ಮಾಡಿ. ಕೂತು, ಮೆನು ತಿರುವಿ, ಮೊದಲ ಆರ್ಡರ್ ಹೇಳುವಷ್ಟರಲ್ಲಿ ಬಣ್ಣ ಶುರುವಾಗುತ್ತದೆ. ಹ್ಯಾಪಿ ಅವರ್ಸ್ ಇರುವ ಕಡೆ ಸಾಮಾನ್ಯವಾಗಿ ಆ ಹೊತ್ತೂ ಇದರ ಜೊತೆಗೇ ಬೀಳುತ್ತದೆ. ಶುಕ್ರವಾರ, ಶನಿವಾರ ಬೇಡ. ಮಂಗಳವಾರ, ಬುಧವಾರ ಹೋದರೆ ಅಂಚಿನ ಟೇಬಲ್ ಕೇಳಿದೊಡನೆ ಸಿಗುವ ಸಾಧ್ಯತೆ ಹೆಚ್ಚು. ವಿಧಾನಸೌಧದ ದೀಪಾಲಂಕಾರ ಕಾಣುವ ಜಾಗವಾದರೆ ಮಾತ್ರ ಭಾನುವಾರ ಸಂಜೆಯನ್ನೇ ಆರಿಸಿಕೊಳ್ಳಿ.

ದಿಕ್ಕು, ಎತ್ತರ

ಎತ್ತರ ಹೆಚ್ಚಿದಷ್ಟೂ ನೋಟ ಚೆನ್ನ ಎಂದೇನೂ ಇಲ್ಲ. ಡಾ. ರಾಜ್‌ಕುಮಾರ್ ರಸ್ತೆಯ ವರ್ಲ್ಡ್ ಟ್ರೇಡ್ ಸೆಂಟರಿನಂಥ ಮೂವತ್ತರ ಆಸುಪಾಸಿನ ಮಹಡಿಯಿಂದ ಊರು ನಕ್ಷೆಯ ಹಾಗೆ ಹರಡಿಕೊಳ್ಳುತ್ತದೆ. ದೂರ ಕಾಣುತ್ತದೆ, ಆದರೆ ಮನುಷ್ಯರು ಕಾಣುವುದಿಲ್ಲ. ವಿಠಲ್ ಮಲ್ಯ ರಸ್ತೆಯ ಯುಬಿ ಸಿಟಿಯ ಎತ್ತರದಲ್ಲಿ ಎರಡೂ ಹದವಾಗಿ ಸಿಗುತ್ತವೆ: ಪಕ್ಕದಲ್ಲೇ ಕಂಠೀರವ ಕ್ರೀಡಾಂಗಣ, ಉತ್ತರಕ್ಕೆ ಕಬ್ಬನ್ ಪಾರ್ಕಿನ ಹಸಿರು. ಇಂದಿರಾನಗರ, ಕೋರಮಂಗಲದ ರೂಫ್‌ಟಾಪ್‌ಗಳು ಬಹುಪಾಲು ನಾಲ್ಕನೇ ಐದನೇ ಮಹಡಿಯವು. ಅಲ್ಲಿ ಸಿಗುವುದು ಮರದ ನೆತ್ತಿ ಮತ್ತು ಕೆಳಗಿನ ರಸ್ತೆಯ ಓಡಾಟ. ಫೆಬ್ರವರಿ-ಮಾರ್ಚ್‌ನಲ್ಲಿ ಟಬೂಬಿಯಾ ಹೂಬಿಟ್ಟಾಗ ಇಂಥ ಜಾಗಕ್ಕೆ ಮಧ್ಯಾಹ್ನದ ಊಟಕ್ಕೇ ಹೋಗಬೇಕು. ಆ ಗುಲಾಬಿ ಬಣ್ಣವನ್ನು ಮೇಲಿನಿಂದ ನೋಡುವ ಭಾಗ್ಯ ಬೇರೆ ಊರಿನವರಿಗೆ ಸುಲಭಕ್ಕಿಲ್ಲ.

ಸೂರ್ಯ ವರ್ಷವಿಡೀ ಒಂದೇ ಜಾಗದಲ್ಲಿ ಮುಳುಗುವುದಿಲ್ಲ. ಡಿಸೆಂಬರಿನಲ್ಲಿ ನೈಋತ್ಯದ ಕಡೆಗೆ ವಾಲಿರುತ್ತಾನೆ, ಜೂನಿನಲ್ಲಿ ವಾಯವ್ಯದ ಕಡೆಗೆ. ಯಾರೋ ಜೂನಿನಲ್ಲಿ ತೆಗೆದ ಫೋಟೊ ನೋಡಿ ಡಿಸೆಂಬರಿನಲ್ಲಿ ಅದೇ ಟೇಬಲ್ ಹಿಡಿದರೆ ಪಕ್ಕದ ಕಟ್ಟಡದ ಹಿಂದೆ ಸೂರ್ಯ ಇಳಿದುಬಿಟ್ಟಿರಬಹುದು. ಕಟ್ಟಡ ಯಾವ ಕಡೆಗೆ ಮುಖ ಮಾಡಿದೆ ಎಂದು ಗೂಗಲ್ ಮ್ಯಾಪ್‌ನ ಸ್ಯಾಟಲೈಟ್ ನೋಟದಲ್ಲಿ ಎರಡು ನಿಮಿಷ ನೋಡಿದರೆ ಸಾಕು.

ಗಾಳಿಗೂ ದಿಕ್ಕುಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಲವಾಗಿ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣ ಕಡೆಯಿಂದ ತಣ್ಣಗೆ ಬರುತ್ತದೆ. ಕಟ್ಟಡದ ಮೂಲೆಯಲ್ಲಿ ಗಾಳಿ ಕೂಡಿಕೊಂಡು ವೇಗ ಪಡೆಯುವುದರಿಂದ, ಎಲ್ಲರೂ ಆಸೆಪಡುವ ಮೂಲೆ ಟೇಬಲ್ಲೇ ಮಳೆಗಾಲದಲ್ಲಿ ಕೂರಲಾಗದ ಜಾಗ. ಮುಂದೆ ಗಾಜಿನ ತಡೆ ಇದ್ದರೆ ಅಂಚಿನಲ್ಲೇ ಕೂರಿ, ಬರೀ ಕಂಬಿ ಇದ್ದರೆ ಎರಡನೇ ಸಾಲಿಗೆ ಸರಿಯಿರಿ. ಒಂದು ಗುರುತು ಹೇಳುತ್ತೇವೆ. ಒಳಗೆ ಕಾಲಿಟ್ಟಾಗ ಖಾಲಿ ಟೇಬಲ್‌ಗಳ ಮೇಲಿನ ಟಿಶ್ಯೂ ಕಡೆ ನೋಡಿ. ಅದರ ಮೇಲೆ ಉಪ್ಪಿನ ಡಬ್ಬಿಯನ್ನೋ ಚಮಚವನ್ನೋ ಭಾರಕ್ಕೆ ಇಟ್ಟಿದ್ದರೆ, ಅಲ್ಲಿ ದಿನಾ ಗಾಳಿ ಆಡುತ್ತದೆ ಎಂದರ್ಥ.

ಏಪ್ರಿಲ್-ಮೇ ತಿಂಗಳಲ್ಲಿ ಇನ್ನೊಂದು ತೊಂದರೆ. ಹಗಲೆಲ್ಲ ಕಾದ ತಾರಸಿ ಕತ್ತಲಾದ ಮೇಲೂ ಕಾವು ಬಿಡುತ್ತಲೇ ಇರುತ್ತದೆ. ಬರೀ ಟೈಲ್ಸ್ ಹಾಸಿದ ಜಾಗಕ್ಕಿಂತ ಮರದ ಡೆಕ್, ಗಿಡ, ಚಪ್ಪರ ಇರುವ ಜಾಗ ಆಗ ಹಿತ. ಗುಡುಗು ಮಳೆಯ ಕಾಲವೂ ಅದೇ, ಸಂಜೆಯೇ ಸುರಿಯುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ಅಂತೂ ನಮ್ಮಲ್ಲಿ ಅತಿ ಹೆಚ್ಚು ಮಳೆಯ ತಿಂಗಳು.

ಫೋನಿನಲ್ಲಿ ಏನು ಕೇಳಬೇಕು

ಆ್ಯಪ್‌ನಲ್ಲಿ ಬುಕ್ ಮಾಡಿದರೆ ರಿಯಾಯಿತಿ ಸಿಗಬಹುದು, ಕುರ್ಚಿ ಸಿಗುವುದಿಲ್ಲ. ಬುಕ್ ಮಾಡಿದ ಮೇಲೂ ಮಧ್ಯಾಹ್ನ ಮೂರರಿಂದ ಐದರೊಳಗೆ, ಅಲ್ಲಿನವರಿಗೆ ಬಿಡುವಿರುವಾಗ, ಒಂದು ಕರೆ ಮಾಡಿ ಹೀಗೆ ಕೇಳಿ:

“ಸಂಜೆ 5:45ಕ್ಕೆ ನಾಲ್ಕು ಜನ ಬರ್ತೀವಿ. ಪಶ್ಚಿಮದ ಕಡೆ, ರೇಲಿಂಗ್ ಪಕ್ಕದ ಟೇಬಲ್ ಬೇಕು. ಎಷ್ಟು ಹೊತ್ತು ಕೂರಬಹುದು? ಒಳಗೆ ಬರೋಕೆ ಕವರ್ ಚಾರ್ಜ್ ಇದೆಯಾ, ಇದ್ರೆ ಅದು ಬಿಲ್‌ನಲ್ಲಿ ಕಳೆಯುತ್ತಾ? ಮಳೆ ಬಂದ್ರೆ ಒಳಗೆ ನಮ್ಮ ಹೆಸರಿಗೆ ಜಾಗ ಇರುತ್ತಾ?”

ಕೊನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು. ಮೇಲಿನ ಎಲ್ಲ ಟೇಬಲ್‌ಗಳಿಗೂ ಸಾಕಾಗುವಷ್ಟು ಜಾಗ ಒಳಗೆ ಇರುವುದು ಅಪರೂಪ. ಮೊದಲ ಹನಿ ಬಿದ್ದಾಗ ಎಲ್ಲರೂ ತಟ್ಟೆ ಹಿಡಿದು ಏಳುತ್ತಾರೆ, ಹೆಸರು ಬರೆಸಿಟ್ಟವರು ಮಾತ್ರ ಕೂರುತ್ತಾರೆ. ಕೂರಲು ಒಂದೂವರೆ ಗಂಟೆಯಷ್ಟೇ ಕೊಡುವ ಕಡೆ ಸ್ಟಾರ್ಟರ್ ಮತ್ತು ಮೇನ್ ಕೋರ್ಸ್ ನಡುವೆ ಹೆಚ್ಚು ಬಿಡುವು ಇಟ್ಟುಕೊಳ್ಳಬೇಡಿ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಇನ್ನೂ ಎರಡು ಪ್ರಶ್ನೆ ಕೇಳಲೇಬೇಕು. ಒಂದು, ಲಿಫ್ಟ್ ತಾರಸಿಯವರೆಗೂ ಬರುತ್ತದೆಯೇ? ಎಷ್ಟೋ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಒಂದು ಮಹಡಿ ಕೆಳಗೇ ನಿಲ್ಲುತ್ತದೆ, ಮಂಡಿನೋವಿನವರು ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಬೇಕಾಗುತ್ತದೆ. ಎರಡು, ಸ್ಪೀಕರ್ ಎಲ್ಲಿದೆ? ಅದರಿಂದ ದೂರದ ಟೇಬಲ್ ಕೇಳಿ. ಬಯಲಿನಲ್ಲಿ ಧ್ವನಿವರ್ಧಕಕ್ಕೆ ರಾತ್ರಿ 10ರ ನಂತರ ಕಾನೂನಿನಲ್ಲಿ ಅವಕಾಶವಿಲ್ಲ, ಅಲ್ಲಿಯವರೆಗೆ ಮಾತ್ರ ಜೋರಾಗಿ ನಡೆಯುತ್ತದೆ. ಮಕ್ಕಳಿದ್ದರೆ ಎಷ್ಟು ಗಂಟೆಯವರೆಗೆ ಬಿಡುತ್ತಾರೆ ಎಂಬುದೂ ಬೇಕು. ಮದ್ಯ ಕೊಡುವ ಕಡೆ 21 ವರ್ಷ ಆಗಿರುವುದಕ್ಕೆ ಗುರುತಿನ ಚೀಟಿ ಕೇಳುತ್ತಾರೆ. ಗಂಡಸರು ಚಪ್ಪಲಿ, ಚಡ್ಡಿಯಲ್ಲಿ ಹೋದರೆ ಬಾಗಿಲಲ್ಲೇ ತಡೆಯುವ ಜಾಗಗಳೂ ಇವೆ.

ಗಾಳಿಯಲ್ಲಿ ಯಾವ ಊಟ

ಅಡುಗೆಮನೆ ಹಲವು ಕಡೆ ಒಂದು ಮಹಡಿ ಕೆಳಗಿರುತ್ತದೆ. ತಟ್ಟೆ ಮೆಟ್ಟಿಲು ಹತ್ತಿ, ಬಯಲು ದಾಟಿ, ಗಾಳಿಗೆ ಎದುರಾಗಿ ಟೇಬಲ್ಲಿಗೆ ಬರಬೇಕು. ತೆಳ್ಳಗಿನದು, ಅಗಲವಾದದ್ದು ಬೇಗ ಆರುತ್ತದೆ. ತೆಳು ಪಿಜ್ಜಾದ ಮೇಲಿನ ಚೀಸ್ ಮೊದಲ ತುಂಡು ಎತ್ತುವಾಗ ಎಳೆಯಾಗಿ ಬರುತ್ತದೆ, ಮೂರನೆಯ ತುಂಡಿಗೆ ಹಾಳೆಯ ಹಾಗೆ ಬಿಗಿದು, ಅಂಚಿನಲ್ಲಿ ಎಣ್ಣೆ ಬಿಳಿಚಿಕೊಂಡಿರುತ್ತದೆ. ಬಟರ್ ನಾನ್ ಐದು ನಿಮಿಷಕ್ಕೆ ಚಕ್ಕಳ. ಅದಕ್ಕೇ ರೊಟ್ಟಿ, ನಾನ್‌ಗಳನ್ನು ಒಟ್ಟಿಗೆ ಹೇಳದೆ ಎರಡೆರಡಾಗಿ ತರಿಸಿಕೊಳ್ಳಿ.

ಕಾವು ಹಿಡಿದಿಡುವವು ಇಲ್ಲಿಗೆ ಹೇಳಿಮಾಡಿಸಿದವು: ಮುಚ್ಚಿದ ಹಂಡಿಯ ಬಿರಿಯಾನಿ, ಕಾದ ಕಬ್ಬಿಣದ ಮೇಲೆ ಬರುವ ಸಿಜ್ಲರ್, ಮಣ್ಣಿನ ಬಟ್ಟಲಿನ ಗ್ರೇವಿ, ಕಬಾಬ್. ಕರಾವಳಿ ಮೆನು ಇದ್ದರೆ ಘೀ ರೋಸ್ಟ್ ಒಳ್ಳೆಯ ಆಯ್ಕೆ. ಮಸಾಲೆ ದಪ್ಪಗೆ ಅಂಟಿಕೊಂಡಿರುವುದರಿಂದ ಸ್ವಲ್ಪ ಆರಿದರೂ ರುಚಿ ಕೆಡುವುದಿಲ್ಲ. ಆದರೆ ಚಳಿಯಲ್ಲಿ ತುಪ್ಪ ಹೆಪ್ಪುಗಟ್ಟುವ ಮೊದಲೇ ಮುಗಿಸಿ. ಮಳೆಗಾಲದ ತೇವದಲ್ಲಿ ಫ್ರೈಸ್, ಹಪ್ಪಳ, ನಾಚೋಸ್ ಬೇಗ ಮೆತ್ತಗಾಗುತ್ತವೆ. ಸೂಪ್ ಬೇಕಿದ್ದರೆ ಕೂತ ತಕ್ಷಣ ಬೇಡ. ಬಿಸಿಲಿಳಿದು ತಣ್ಣಗಾದಾಗ, ಅಗಲ ಬಟ್ಟಲಿನ ಬದಲು ಮಗ್‌ನಲ್ಲಿ ಕೊಡಿ ಎಂದು ಕೇಳಿ. ಮೊದಲ ಇಪ್ಪತ್ತು ನಿಮಿಷ ಕಣ್ಣು ಆಕಾಶದ ಮೇಲೇ ಇರುವುದರಿಂದ, ಬೆರಳಿನಲ್ಲಿ ತಿನ್ನುವ ಒಣ ಸ್ಟಾರ್ಟರ್ ಎರಡು ಹೇಳಿ, ಮೇನ್ ಕೋರ್ಸನ್ನು ಕತ್ತಲಾದ ಮೇಲೆ ಹೇಳುವುದು ನಮಗೆ ಸರಿಯೆನಿಸುವ ಕ್ರಮ.

ಫೋಟೊಗೆ ಫ್ಲ್ಯಾಶ್ ಆರಿಸಿ. ಮುಂದೆ ಗಾಜಿದ್ದರೆ ಫೋನಿನ ಲೆನ್ಸನ್ನು ಗಾಜಿಗೆ ತಾಗಿಸಿ ಹಿಡಿಯಿರಿ, ನಿಮ್ಮ ಟೇಬಲ್ಲಿನ ದೀಪದ ಪ್ರತಿಬಿಂಬ ಬೀಳುವುದಿಲ್ಲ. ಪರದೆಯಲ್ಲಿ ಆಕಾಶದ ಮೇಲೆ ಬೆರಳೊತ್ತಿ ಬೆಳಕು ತುಸು ಇಳಿಸಿದರೆ ಬಣ್ಣ ಉಳಿಯುತ್ತದೆ. ಕೈಯನ್ನು ಕಂಬಿಯಿಂದ ಆಚೆ ಮಾತ್ರ ಚಾಚಬೇಡಿ, ಕೆಳಗೆ ಜನ ಓಡಾಡುತ್ತಿರುತ್ತಾರೆ.

ಸುರಕ್ಷತೆ

ಇದನ್ನು ಹಗುರವಾಗಿ ನೋಡಬೇಡಿ. ಮುಂಬೈನ ಕಮಲಾ ಮಿಲ್ಸ್ ಆವರಣದ ತಾರಸಿ ಪಬ್‌ನಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ಬೆಂಕಿ ಬಿದ್ದು 14 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಶೌಚಾಲಯದೊಳಗೆ ಹೊಕ್ಕು ಹೊಗೆಗೆ ಉಸಿರುಕಟ್ಟಿದವರು. ಕೋರಮಂಗಲದಲ್ಲಿ 2023ರ ಅಕ್ಟೋಬರ್ 18ರಂದು ತಾರಸಿ ಕೆಫೆಯೊಂದಕ್ಕೆ ಬೆಂಕಿ ಬಿದ್ದಾಗ ಒಬ್ಬರು ಜೀವ ಉಳಿಸಿಕೊಳ್ಳಲು ಮೇಲಿನಿಂದ ಹಾರಬೇಕಾಯಿತು. ತಾರಸಿಯ ಬಿದಿರು, ಬಟ್ಟೆ, ಪ್ಲಾಸ್ಟಿಕ್ ಹೊದಿಕೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಗಾಳಿ ಬೇರೆ ಊದುತ್ತಿರುತ್ತದೆ.

ಕೂರುವ ಮೊದಲು ಬಂದ ಲಿಫ್ಟ್ ಬಿಟ್ಟು ಎರಡನೆಯ ದಾರಿ ಯಾವುದೆಂದು ನೋಡಿ. ಮೆಟ್ಟಿಲಿನ ಬಾಗಿಲಿಗೆ ಬೀಗವೋ, ಅಡ್ಡಲಾಗಿ ಬಿಯರ್ ಕ್ರೇಟುಗಳೋ, ಗ್ಯಾಸ್ ಸಿಲಿಂಡರ್‌ಗಳೋ ಇದ್ದರೆ ಅಲ್ಲಿ ಕೂರಬೇಡಿ, ಕಾರಣ ಹೇಳಿಯೇ ಹೊರಬನ್ನಿ. ಹೊಗೆ ಕಂಡರೆ ಲಿಫ್ಟ್ ಬೇಡ, ಶೌಚಾಲಯವೂ ಬೇಡ, ನೇರ ಮೆಟ್ಟಿಲು. ಕಂಬಿ ಅಥವಾ ಮೋಟುಗೋಡೆಯ ಎತ್ತರ 1 ಮೀಟರಿಗೆ ಕಡಿಮೆ ಇರಬಾರದು. ದೊಡ್ಡವರ ಸೊಂಟಕ್ಕೂ ಬಾರದಿದ್ದರೆ ಮಕ್ಕಳನ್ನು ಅಂಚಿನಲ್ಲಿ ಕೂರಿಸಬೇಡಿ, ಅಂಚಿಗೆ ತಾಗಿಸಿ ಸೋಫಾ ಹಾಕಿದ್ದರೆ ಮಗು ಅದರ ಮೇಲೆ ಹತ್ತಿ ನಿಲ್ಲದಂತೆ ನೋಡಿಕೊಳ್ಳಿ. ಗುಡುಗು ಕೇಳಿಸಿದ ಕೂಡಲೇ ಒಳಗೆ ಹೋಗಿ, ಲೋಹದ ಕಂಬದ ಕೊಡೆ ರಕ್ಷಣೆಯಲ್ಲ. ಹುಕ್ಕಾ ಮಾರಾಟಕ್ಕೆ ಕರ್ನಾಟಕದಲ್ಲಿ 2024ರಿಂದ ನಿಷೇಧವಿದೆ.

ಬಿಲ್ ಮತ್ತು ಇಳಿಯುವುದು

ಬಿಲ್ಲಿನಲ್ಲಿ ನಾಲ್ಕು ಸಾಲು ಬೇರೆಬೇರೆಯಾಗಿ ನೋಡಿ: ಊಟ, ಮದ್ಯ, ತೆರಿಗೆ, ಸರ್ವೀಸ್ ಚಾರ್ಜ್. ಸ್ವತಂತ್ರ ರೆಸ್ಟೋರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ ಶೇ 5, ಅಂದರೆ ಕೇಂದ್ರದ್ದು 2.5, ರಾಜ್ಯದ್ದು 2.5. ದುಬಾರಿ ಸ್ಟಾರ್ ಹೋಟೆಲಿನೊಳಗಿನ ರೂಫ್‌ಟಾಪ್ ಆದರೆ ಶೇ 18 ಇರಬಹುದು, ಮೊದಲೇ ಕೇಳಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಉದಾಹರಣೆಗೆ ಊಟ 3,000, ಮದ್ಯ 2,000 ರೂಪಾಯಿ ಆಗಿದ್ದರೆ ಜಿಎಸ್‌ಟಿ 3,000ದ ಮೇಲೆ 150 ಬರಬೇಕು. 5,000ದ ಮೇಲೆ 250 ಹಾಕಿದ್ದರೆ ತಪ್ಪು.

ಸರ್ವೀಸ್ ಚಾರ್ಜ್ ಶೇ 10 ಎಂದಿದ್ದರೆ ಅದು ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಮೆಲ್ಲಗೆ ಹೇಳಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ತೆಗೆಸಿದ ಮೇಲೆ, ತಟ್ಟೆ ಹೊತ್ತು ಮೆಟ್ಟಿಲು ಹತ್ತಿಳಿದ ಹುಡುಗನ ಕೈಗೆ ಟಿಪ್ಸ್ ನೇರವಾಗಿ ಕೊಡಿ. ನೀರು ಬೇಕೇ ಎಂದಾಗ “ರೆಗ್ಯುಲರ್” ಎಂದು ಬಿಡಿಸಿ ಹೇಳದಿದ್ದರೆ ಬಾಟಲಿ ತೆರೆದುಬಿಡುತ್ತಾರೆ.

ಕುಡಿಯುವ ಯೋಚನೆ ಇದ್ದರೆ ಗಾಡಿ ತರಲೇಬೇಡಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಜೈಲು. ಯುಬಿ ಸಿಟಿಗೆ ಕಬ್ಬನ್ ಪಾರ್ಕ್ ಮೆಟ್ರೊ, 100 ಅಡಿ ರಸ್ತೆಗೆ ಇಂದಿರಾನಗರ ಮೆಟ್ರೊ, ವರ್ಲ್ಡ್ ಟ್ರೇಡ್ ಸೆಂಟರಿಗೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ ಅನುಕೂಲ. ಕೊನೆಯ ರೈಲು ಹಿಡಿಯಲು 10:15ಕ್ಕೆ ಬಿಲ್ ಕೇಳಿ. ಒಂದೆರಡೇ ಲಿಫ್ಟ್ ಇರುವ ಕಟ್ಟಡದಿಂದ ವಾರಾಂತ್ಯದಲ್ಲಿ ಇಳಿಯುವುದಕ್ಕೇ ಹದಿನೈದು ನಿಮಿಷ ಹಿಡಿಯಬಹುದು. ಕ್ಯಾಬ್ ಆದರೆ ಮೇಲಿನಿಂದ ಬುಕ್ ಮಾಡಬೇಡಿ, ಲಿಫ್ಟ್ ಕಾಯುವಷ್ಟರಲ್ಲಿ ಡ್ರೈವರ್ ರದ್ದು ಮಾಡಿ ಹೋಗಿರುತ್ತಾನೆ. ಕೆಳಗಿಳಿದು, ಗೇಟಿನ ಎದುರು ನಿಂತು ಬುಕ್ ಮಾಡಿ.