ಟರ್ಬೊ ಡೀಸೆಲ್ ಕಾರಿನ ತೊಂದರೆ: ಮೂಲ ಹುಡುಕುವುದು ಹೇಗೆ?

ಪಿಕಪ್ ಕಡಿಮೆಯಾಗಿದೆ, ಕಪ್ಪು ಹೊಗೆ ಬರುತ್ತಿದೆ ಎಂದು ಗ್ಯಾರೇಜಿಗೆ ಹೋದರೆ ಬಹಳ ಸಲ ಸಿಗುವ ಉತ್ತರ ‘ಟರ್ಬೊ ಹೋಗಿದೆ, ಬದಲಾಯಿಸಬೇಕು’ ಎಂಬುದು. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಸೀಳು ಬಿಟ್ಟ ಒಂದು ರಬ್ಬರ್ ಹೋಸ್‌ನಿಂದಲೂ ಇದೇ ಲಕ್ಷಣ ಬರುತ್ತದೆ. ಸ್ವಲ್ಪ ಹೊಗೆಯನ್ನು ಇಂಜಿನ್ನಿಗೆ ವಾಪಸ್ ಕಳಿಸುವ ಇಜಿಆರ್ ವಾಲ್ವ್ ಎಂಬುದಿದೆ, ಮಸಿ ಕಟ್ಟಿದ ಆ ವಾಲ್ವ್‌ನಿಂದಲೂ ಬರುತ್ತದೆ. ಟರ್ಬೊ ನಿಜಕ್ಕೂ ಹಾಳಾಗಿದ್ದರೂ, ಯಾಕೆ ಹಾಳಾಯಿತು ಎಂದು ನೋಡದೆ ಹೊಸದು ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆ ಮೊದಲು ಆಗಲಿ, ಬಿಚ್ಚಿ ನೋಡುವ ಕೆಲಸ ಆಮೇಲೆ.

ಮೊದಲು ಇಂಜಿನ್ನಿನ ಸ್ವಭಾವ ತಿಳಿಯಿರಿ

ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದೆ ಅಲ್ವಾ? ಇಲ್ಲಿ ನಡೆಯುವುದೂ ಅದೇ, ಆದರೆ ಬಹಳ ಜೋರಾಗಿ. ಈಗಿನ ಕಾರುಗಳಲ್ಲಿ ಪಿಸ್ಟನ್ ಗಾಳಿಯನ್ನು ಸುಮಾರು 15ರಿಂದ 18 ಪಟ್ಟು ಒತ್ತುತ್ತದೆ. ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಹೊತ್ತಿಗೆ ಸಿಡಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ತಾಜಾ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುತ್ತದೆ. ಇದೇ ಟರ್ಬೊ. ಗಾಳಿ ಜಾಸ್ತಿ ಸಿಕ್ಕರೆ ಡೀಸೆಲ್ ಜಾಸ್ತಿ ಸುಡಬಹುದು, ಶಕ್ತಿಯೂ ಜಾಸ್ತಿ. ಈ ಯೋಚನೆಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಡೀಸೆಲ್ ಕಾರಿಗೆ ಅದು ಬಂದದ್ದು ಮಾತ್ರ 1978ರಲ್ಲಿ, ಮರ್ಸಿಡಿಸ್ 300 ಎಸ್‌ಡಿ ಮೂಲಕ. 1997ರ ಆಲ್ಫಾ ರೋಮಿಯೋ 156 ಕಾರಿನೊಂದಿಗೆ ಕಾಮನ್ ರೈಲ್ (ಡೀಸೆಲ್ ಸಿಡಿಸುವ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಇಂಧನ ಕೊಡುವ ವ್ಯವಸ್ಥೆ) ಬಂದ ಮೇಲೆ ಡೀಸೆಲ್ ಕಾರಿನ ಸದ್ದು, ಓಟ ಎರಡೂ ಬದಲಾದವು. ಆಗ ಇಂಧನದ ಒತ್ತಡ 1,350 ಬಾರ್ ಇತ್ತು. ಈಗ 2,000 ಬಾರ್ ದಾಟುವ ಇಂಜಿನ್‌ಗಳು ಸಾಮಾನ್ಯ.

ಈ ಇಂಜಿನ್‌ನ ಎಳೆತ ಸಿಗುವುದು ಕಡಿಮೆ ವೇಗದಲ್ಲಿ, ಹೆಚ್ಚಾಗಿ 1,500ರಿಂದ 2,500 ಆರ್‌ಪಿಎಂ ನಡುವೆ. ದೂರ ಓಡಿಸಿದಷ್ಟೂ ಇದಕ್ಕೆ ಒಳ್ಳೆಯದು. ದಿನಾ ಎರಡು-ಮೂರು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸುವವರಿಗೆ ಡೀಸೆಲ್ ಕಾರು ಬೇಡ ಎಂದೇ ನಾನು ಹೇಳುತ್ತೇನೆ. ಕಾರಣ ಮುಂದೆ ತಿಳಿಯುತ್ತದೆ.

ಹೆಜ್ಜೆ 1: ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಿ

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ. ಬಿಸಿ ಇಂಜಿನ್ ಬಹಳಷ್ಟು ತಪ್ಪುಗಳನ್ನು ಮುಚ್ಚಿಡುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಬಾನೆಟ್ ಆಗಲೇ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುವುದೇ ಒಳ್ಳೆಯದು.

ಸ್ಟಾರ್ಟ್ ಆದ ಕೂಡಲೇ ಇಂಜಿನ್ ಗಡಗಡ ಅಂದು, ಬಿಳಿ ಹೊಗೆ ಉಗುಳಿ, ಅರ್ಧ ನಿಮಿಷದಲ್ಲಿ ಸರಿಹೋದರೆ, ತಣ್ಣಗಿನ ಇಂಜಿನ್ನನ್ನು ಸ್ಟಾರ್ಟಿಗೆ ಮೊದಲು ಒಳಗಿನಿಂದ ಕಾಯಿಸುವ ಗ್ಲೋ ಪ್ಲಗ್ ಕಡೆ ನೋಡಿ. ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹತ್ತಲು ತುಂಬಾ ಹೊತ್ತು ಹಿಡಿದರೆ ರೈಲ್‌ನಲ್ಲಿ ಒತ್ತಡ ಏರುತ್ತಿಲ್ಲ ಎಂದು ಅನುಮಾನ ಪಡಬಹುದು. ಸೋರುವ ಇಂಜೆಕ್ಟರ್, ಸವೆದ ಪಂಪ್, ಇಂಧನ ಪೈಪಿನೊಳಗೆ ಹೊಕ್ಕ ಗಾಳಿ, ಇವುಗಳಲ್ಲಿ ಯಾವುದಾದರೂ ಇರಬಹುದು.

ಹೊಗೆಯ ಬಣ್ಣವೂ ದಾರಿ ತೋರಿಸುತ್ತದೆ. ಕಪ್ಪಾಗಿದ್ದರೆ ಡೀಸೆಲ್‌ಗೆ ಬೇಕಾದಷ್ಟು ಗಾಳಿ ಸಿಗುತ್ತಿಲ್ಲ. ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದರೆ ಪೂರ್ತಿ ಸುಡದ ಡೀಸೆಲ್ ಅಥವಾ ಒಳಗೆ ಸೋರುತ್ತಿರುವ ಕೂಲಂಟ್ ಕಾರಣ. ಕೂಲಂಟ್ ಆಗಿದ್ದರೆ ಅದರ ಮಟ್ಟವೂ ಇಳಿಯುತ್ತಿರುತ್ತದೆ. ಆಗ ಹೆಡ್ ಗ್ಯಾಸ್ಕೆಟ್ ಜೊತೆಗೆ, ಇಜಿಆರ್ ಹೊಗೆಯನ್ನು ಕೂಲಂಟ್‌ನಿಂದ ತಣಿಸುವ ಇಜಿಆರ್ ಕೂಲರ್ ಅನ್ನೂ ಪರೀಕ್ಷಿಸಲು ಹೇಳಿ. ಹಲವರು ಅದನ್ನು ಮರೆಯುತ್ತಾರೆ.

ಹೆಜ್ಜೆ 2: ಡಿಪ್‌ಸ್ಟಿಕ್ ಎಳೆಯಿರಿ

ಡೀಸೆಲ್ ಇಂಜಿನ್ ಆಯಿಲ್ ಬೇಗ ಕಪ್ಪಾಗುತ್ತದೆ. ಅದಕ್ಕೆ ಹೆದರಬೇಡಿ. ನೋಡಬೇಕಾದ್ದು ಮಟ್ಟ. ಕಡಿಮೆಯಾದರೆ ತೊಂದರೆ ಎಂದು ಎಲ್ಲರಿಗೂ ಗೊತ್ತು. ಹೆಚ್ಚಾಗುತ್ತಿದ್ದರೂ ತೊಂದರೆಯೇ. ಡೀಸೆಲ್ ಆಯಿಲ್‌ಗೆ ಸೇರುತ್ತಿದೆ ಎಂದರ್ಥ. ಆಯಿಲ್ ತೆಳುವಾದರೆ ಬೇರಿಂಗ್‌ಗಳಿಗೂ ಟರ್ಬೊಗೂ ಅದು ಕೊಡುವ ರಕ್ಷಣೆ ಕಡಿಮೆಯಾಗುತ್ತದೆ. ವಾಸನೆ ನೋಡಿದರೂ ಗೊತ್ತಾಗಬಹುದು.

ಹೆಜ್ಜೆ 3: ಗಾಳಿಯ ದಾರಿ ಹಿಡಿದು ಹೋಗಿ

ಏರ್ ಫಿಲ್ಟರ್‌ನಿಂದ ಟರ್ಬೊ, ಅಲ್ಲಿಂದ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಅಲ್ಲಿಂದ ಇಂಜಿನ್. ಈ ದಾರಿಯ ಪ್ರತಿ ಹೋಸ್, ಪ್ರತಿ ಕ್ಲಾಂಪ್ ನೋಡಿ. ಹೋಸ್‌ನ ಕೆಳಭಾಗವನ್ನು ಕೈಯಿಂದ ಸವರಿ ನೋಡುವುದು ಮುಖ್ಯ, ಸೀಳು ಹೆಚ್ಚಾಗಿ ಕಣ್ಣಿಗೆ ಕಾಣದ ಕಡೆ ಇರುತ್ತದೆ. ಇಂಜಿನ್ ಆಫ್ ಆಗಿ ತಣ್ಣಗಾದ ಮೇಲೆಯೇ ಕೈ ಹಾಕಿ. ಓಡಿಸುವಾಗ ಬಾನೆಟ್ ಕಡೆಯಿಂದ ‘ಸುಯ್’ ಎಂದು ಗಾಳಿ ನುಗ್ಗುವ ಸದ್ದು ಬಂದು, ಅದೇ ಹೊತ್ತಿಗೆ ಕಪ್ಪು ಹೊಗೆ ಕಂಡರೆ ಹೋಸ್ ಮೇಲೇ ಮೊದಲ ಅನುಮಾನ.

ಪೈಪಿನ ಒಳಗೆ ತೆಳುವಾಗಿ ಆಯಿಲ್ ಅಂಟಿದ್ದರೆ ಅದು ಸಹಜ, ಇಂಜಿನ್ ಒಳಗಿನ ಆವಿಯಿಂದ ಬರುತ್ತದೆ. ಆಯಿಲ್ ಮಡುಗಟ್ಟಿ ನಿಂತಿದ್ದರೆ ಮಾತ್ರ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 4: ಟರ್ಬೊ ಪರೀಕ್ಷೆ

ಕಾರಿನ ಟರ್ಬೊ ದಂಡ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಹೆಚ್ಚಿನ ಟರ್ಬೊಗಳಲ್ಲಿ ಅದು ತೇಲುವುದು ಆಯಿಲ್‌ನ ತೆಳು ಪದರದ ಮೇಲೆ. ಹಾಗಾಗಿ ಟರ್ಬೊದ ಆಯಸ್ಸು ಅಂದರೆ ಆಯಿಲ್‌ನ ಗುಣ. ಆಯಿಲ್ ಹಳೆಯದಾದರೆ, ಅಥವಾ ಜೋರಾಗಿ ಓಡಿಸಿ ಬಂದ ಕೂಡಲೇ ಇಂಜಿನ್ ನಿಲ್ಲಿಸಿದರೆ, ಬಿಸಿಗೆ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಆ ಕರಿ ಆಯಿಲ್ ತರುವ ಸಣ್ಣ ಪೈಪನ್ನೇ ಮುಚ್ಚುತ್ತಾ ಬರುತ್ತದೆ. ಹೊಸ ಟರ್ಬೊ ಹಾಕಿಸಿ ಕೆಲವೇ ತಿಂಗಳಲ್ಲಿ ಅದೂ ಹೋಯಿತು ಎನ್ನುವ ಕತೆಗಳ ಹಿಂದೆ ಹಲವು ಸಲ ಇರುವುದು ಬದಲಾಯಿಸದೆ ಬಿಟ್ಟ ಈ ಪೈಪ್. ಟರ್ಬೊ ಜೊತೆಗೆ ಆಯಿಲ್ ಪೈಪ್, ಆಯಿಲ್, ಫಿಲ್ಟರ್ ಎಲ್ಲವೂ ಹೊಸದಾಗಲಿ ಎಂದು ಖಡಾಖಂಡಿತವಾಗಿ ಹೇಳಿ.

ಪರೀಕ್ಷೆ ಹೀಗೆ. ಇಂಜಿನ್ ತಣ್ಣಗಾದ ಮೇಲೆ ಟರ್ಬೊಗೆ ಗಾಳಿ ಬರುವ ಪೈಪ್ ತೆಗೆದು ಚಕ್ರವನ್ನು ಬೆರಳಿನಿಂದ ಅಲುಗಾಡಿಸಿ. ಅಕ್ಕಪಕ್ಕಕ್ಕೆ ಸ್ವಲ್ಪ ಅಲುಗಾಡುವುದು ಸರಿ. ಹಿಂದೆ ಮುಂದೆ ಅಲುಗಾಡಬಾರದು. ರೆಕ್ಕೆಗಳು ಗೋಡೆಗೆ ತಾಗಿದ ಗೀರು ಕಂಡರೆ ಆ ಟರ್ಬೊ ಮುಗಿಯಿತು. ಸೈರನ್‌ನಂತೆ ಏರುವ ಕೂಗು ಶುರುವಾಗಿದ್ದರೂ ಅಷ್ಟೇ.

ಇನ್ನೊಂದು ಬಗೆಯ ತೊಂದರೆ ಇದೆ. ಈಗಿನ ಬಹಳಷ್ಟು ಟರ್ಬೊಗಳಲ್ಲಿ ಹೊಗೆಯ ದಾರಿಯನ್ನು ಹಿರಿದು ಕಿರಿದು ಮಾಡುವ ಪುಟ್ಟ ರೆಕ್ಕೆಗಳಿವೆ. ಮಸಿ ಕಟ್ಟಿದರೆ ಅವು ಅಂಟಿಕೊಳ್ಳುತ್ತವೆ. ಲಕ್ಷಣ ಹೀಗಿರುತ್ತದೆ: ಏರು ಹತ್ತುವಾಗ ಅಥವಾ ಓವರ್‌ಟೇಕ್ ಮಾಡುವಾಗ ಒಮ್ಮೆಲೇ ಶಕ್ತಿ ಹೋಗುತ್ತದೆ, ಇಂಜಿನ್ ಲೈಟ್ ಉರಿಯುತ್ತದೆ. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗದಂತೆ ಓಡುತ್ತದೆ. ಇದಕ್ಕೆ ಹೊಸ ಟರ್ಬೊ ಬೇಕೇಬೇಕು ಎಂದಿಲ್ಲ. ಬಿಚ್ಚಿ ಶುಚಿ ಮಾಡಿದರೆ ಸರಿಹೋಗಬಹುದು. ರೆಕ್ಕೆಗಳನ್ನು ಆಡಿಸುವ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ದರೂ ಶಕ್ತಿ ಇಳಿಯುತ್ತದೆ. ಅದಂತೂ ತೀರಾ ಅಗ್ಗದ ರಿಪೇರಿ.

ಟರ್ಬೊದಿಂದ ಆಯಿಲ್ ಧಾರಾಳವಾಗಿ ಸೋರುತ್ತಿದ್ದರೆ ಕಾರು ಓಡಿಸಲೇಬೇಡಿ. ಆ ಆಯಿಲನ್ನೇ ಇಂಧನ ಮಾಡಿಕೊಂಡು ಇಂಜಿನ್ ತಾನಾಗಿ ವೇಗ ಏರಿಸಿಕೊಳ್ಳಬಹುದು, ಕೀ ತೆಗೆದರೂ ನಿಲ್ಲದಿರಬಹುದು. ಮ್ಯಾನುಯಲ್ ಗೇರ್ ಇದ್ದು ನೀವು ಸೀಟಿನಲ್ಲಿದ್ದರೆ ಕಾರು ನಿಂತಿರುವಾಗ ದೊಡ್ಡ ಗೇರ್ ಹಾಕಿ, ಬ್ರೇಕ್ ಬಲವಾಗಿ ಒತ್ತಿ, ಕ್ಲಚ್ ಬಿಡಿ. ಇಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಬಾನೆಟ್ ತೆಗೆದು ಬಗ್ಗಿ ನೋಡಲು ಹೋಗಬೇಡಿ.

ಹೆಜ್ಜೆ 5: ಮಸಿಯ ಲೆಕ್ಕ

ಇಜಿಆರ್ ವಾಲ್ವ್ ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್‌ಗೆ ಕಳಿಸಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುತ್ತದೆ. ಹೊಗೆಯ ಮಸಿ, ಆಯಿಲ್ ಆವಿ ಎರಡೂ ಸೇರಿ ಡಾಂಬರಿನಂಥ ಪದರ ಕಟ್ಟುತ್ತದೆ. ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಕಪ್ಪು ಹೊಗೆ, ತಡವರಿಸುವ ಪಿಕಪ್. ಶುಚಿ ಮಾಡಿಸಿದರೆ ಅನೇಕ ಸಲ ಸಾಕಾಗುತ್ತದೆ.

ಡಿಪಿಎಫ್ ಅಂದರೆ ಸೈಲೆನ್ಸರ್ ದಾರಿಯಲ್ಲಿ ಕೂತ ಮಸಿ ಹಿಡಿಯುವ ಜಾಲರಿ. ಅದು ತುಂಬಿದಾಗ ಇಂಜಿನ್ ಹೆಚ್ಚುವರಿ ಡೀಸೆಲ್ ಸಿಡಿಸಿ, ಜಾಲರಿಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ ಹತ್ತು-ಇಪ್ಪತ್ತು ನಿಮಿಷದ ಸತತ ಓಟ ಬೇಕು. ಕಡಿಮೆ ದೂರ ಓಡಿಸುವವರು ಪ್ರತಿ ಸಲವೂ ನಡುವೆಯೇ ಇಂಜಿನ್ ನಿಲ್ಲಿಸುತ್ತಾರೆ. ಮಸಿ ಉಳಿಯುತ್ತದೆ, ಸುಡದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಎರಡನೇ ಹೆಜ್ಜೆಯಲ್ಲಿ ಮಟ್ಟ ಏರಿದ ಆಯಿಲ್‌ಗೆ ಇದೇ ಮುಖ್ಯ ಕಾರಣ.

ನಿಂತಾಗ ಐಡಲ್ ಸ್ವಲ್ಪ ಏರಿದ್ದು, ಫ್ಯಾನ್ ಜೋರಾಗಿ ತಿರುಗುತ್ತಿದ್ದು, ಬಿಸಿ ವಾಸನೆ ಬರುತ್ತಿದ್ದರೆ ಸುಡುವ ಕೆಲಸ ನಡೆದಿದೆ ಎಂದರ್ಥ. ಆಗ ಸಾಧ್ಯವಾದರೆ ಇನ್ನೊಂದಿಷ್ಟು ದೂರ ಓಡಿಸಿ. ಒಣ ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ. ಡಿಪಿಎಫ್ ಲೈಟ್ ಉರಿದರೆ ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ದೊಡ್ಡ ರಸ್ತೆಯಲ್ಲಿ ಓಡಿಸಬೇಕು. ಪದೇಪದೇ ತುಂಬುತ್ತಿದ್ದರೆ ತಪ್ಪು ಜಾಲರಿಯದ್ದಲ್ಲ. ಅಷ್ಟೊಂದು ಮಸಿ ಎಲ್ಲಿಂದ ಬರುತ್ತಿದೆ? ಸೀಳಿದ ಹೋಸ್, ಕೆಟ್ಟ ಇಂಜೆಕ್ಟರ್, ಸಿಕ್ಕಿಕೊಂಡ ಇಜಿಆರ್, ಇವುಗಳಲ್ಲೇ ಉತ್ತರ ಇರುತ್ತದೆ. ಡಿಪಿಎಫ್ ಕಿತ್ತು ಹಾಕುವ ಸಲಹೆ ಕೊಡುವವರಿದ್ದಾರೆ. ಒಪ್ಪಬೇಡಿ. ಹಲವು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಆ ಮಸಿ ಹೋಗುವುದೂ ಮನುಷ್ಯರ ಶ್ವಾಸಕೋಶಕ್ಕೆ.

ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಅದಕ್ಕೇ ಡಿಪಿಎಫ್ ಇರುವ ಕಾರಿಗೆ ಕಡಿಮೆ ಬೂದಿಯ ಆಯಿಲ್ ಬೇಕು. ಕೈಪಿಡಿಯಲ್ಲಿ ಬರೆದ ಗ್ರೇಡ್ ಬಿಟ್ಟು ಬೇರೆ ಹಾಕಿಸಬೇಡಿ.

ಹೆಜ್ಜೆ 6: ಇಂಜೆಕ್ಟರ್

ಇಲ್ಲಿ ನಿಮ್ಮ ಕೆಲಸ ಕಣ್ಣಿನಿಂದ ನೋಡುವುದಷ್ಟೇ. ಓಡುವ ಇಂಜಿನ್‌ನ ಹೈ ಪ್ರೆಷರ್ ಪೈಪ್ ಸಡಿಲಿಸಬೇಡಿ, ಸೋರಿಕೆ ಹುಡುಕಲು ಕೈಯನ್ನೂ ಹತ್ತಿರ ತರಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ವಿಷಯ ಅದು.

ಇಂಜೆಕ್ಟರ್ ಬುಡದಲ್ಲಿ ಕಪ್ಪು ಗಟ್ಟಿ ಪದಾರ್ಥ ಕಟ್ಟಿ, ‘ಚಫ್ ಚಫ್’ ಸದ್ದು ಬರುತ್ತಿದ್ದರೆ ಕೆಳಗಿನ ತಾಮ್ರದ ವಾಷರ್ ಹೋಗಿದೆ. ಬೇಗ ನೋಡಿದರೆ ಸಣ್ಣ ಖರ್ಚು. ಬಿಟ್ಟರೆ ಇಂಜೆಕ್ಟರ್ ಕೀಳುವುದೇ ದೊಡ್ಡ ಕೆಲಸವಾಗುತ್ತದೆ.

ಐಡಲ್ ಒಂದೇ ಸಮ ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ರಿಟರ್ನ್ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲನ್ನು ಒಂದೊಂದು ಬಾಟಲಿಗೆ ಹಿಡಿಯುತ್ತಾರೆ. ಬೇರೆಯವುಗಳಿಗಿಂತ ಬೇಗ ತುಂಬುವ ಬಾಟಲಿ ಯಾವುದೋ, ಸವೆದ ಇಂಜೆಕ್ಟರ್ ಅದು. ಬಹುತೇಕ ಕಾರುಗಳಲ್ಲಿ ಹೊಸ ಇಂಜೆಕ್ಟರ್‌ನ ಕೋಡನ್ನು ಇಸಿಯುಗೆ, ಅಂದರೆ ಇಂಜಿನ್ನಿನ ಕಂಪ್ಯೂಟರಿಗೆ, ಹಾಕಬೇಕಾಗುತ್ತದೆ. ಹಾಕಿದರೋ ಇಲ್ಲವೋ ಕೇಳಿ.

ಇಂಜೆಕ್ಟರ್, ಪಂಪ್ ಎರಡಕ್ಕೂ ದೊಡ್ಡ ಶತ್ರು ನೀರು. ಡೀಸೆಲ್ ಫಿಲ್ಟರ್ ಸಮಯಕ್ಕೆ ಬದಲಾಯಿಸಿ, ಅದರ ತಳದ ನೀರು ತೆಗೆಸಿ. ತುಕ್ಕು ಹಿಡಿದು ಸವೆದ ಪಂಪಿನ ಲೋಹದ ಪುಡಿ ಇಡೀ ಇಂಧನ ದಾರಿಗೆ ಹರಡಿದರೆ ಟ್ಯಾಂಕ್‌ನಿಂದ ಇಂಜೆಕ್ಟರ್‌ವರೆಗೂ ಎಲ್ಲವನ್ನೂ ತೊಳೆಯಬೇಕು, ಹಲವು ಭಾಗ ಬದಲಿಸಬೇಕು.

ಹೆಜ್ಜೆ 7: ಕೊನೆಗೆ ಸ್ಕ್ಯಾನರ್

ಸ್ಕ್ಯಾನರ್ ತೋರಿಸುವ ಕೋಡ್ ಲಕ್ಷಣ ಹೇಳುತ್ತದೆ, ಕಾರಣವನ್ನಲ್ಲ. ‘ಬೂಸ್ಟ್ ಕಡಿಮೆ’, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ ಕಡಿಮೆ, ಎಂದು ಬಂದರೆ ಟರ್ಬೊ ಕೆಟ್ಟಿದೆ ಎಂದಲ್ಲ. ಸ್ಕ್ಯಾನರ್ ಹಾಕಿಯೇ ಓಡಿಸಿ, ಇಂಜಿನ್ ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದು ಎಷ್ಟು ನೋಡಲು ಹೇಳಿ. ರೈಲ್ ಒತ್ತಡಕ್ಕೂ ಇದೇ ಹೋಲಿಕೆ ಮಾಡಿಸಿ. ಡಿಪಿಎಫ್ ಮುಂದಿನ, ಹಿಂದಿನ ಒತ್ತಡದ ಅಂತರವನ್ನೂ ಓದಿಸಿ. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ರಿಪೇರಿ ಆದ ಮೇಲೆ ಅದೇ ರಸ್ತೆಯಲ್ಲಿ, ಅದೇ ಗೇರ್‌ನಲ್ಲಿ ಓಡಿಸಿ ಮತ್ತೆ ಓದಿಸಿ. ಅಂಕಿ ಬದಲಾಗದಿದ್ದರೆ ಬದಲಿಸಿದ ಭಾಗ ಕಾರಣವಾಗಿರಲಿಲ್ಲ, ಹುಡುಕಾಟ ಇನ್ನೂ ಮುಗಿದಿಲ್ಲ.